ಕೆಲವು ಸುಧಾರಣೆಗಳು

ನಮ್ಮೂರಿನಲ್ಲಿ ಬರೆದ ಸುಳ್ಳು ಒಂದು ತಾಸಿಗಿಂತ ಹೆಚ್ಚು ನಿಲ್ಲುವುದಿಲ್ಲ. ಕಾಗದವಾಗಲಿ, ಗೋಡೆಯಾಗಲಿ, ಕಂಪ್ಯೂಟರಿನ ಪರದೆಯಾಗಲಿ, ಅಕ್ಷರ ಮೊದಲು ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅಲ್ಲಿ ಏನೂ ಇರುವುದಿಲ್ಲ. ಒಂದು ವಾಕ್ಯದಲ್ಲಿ ಒಂದೇ ಪದ ಸುಳ್ಳಾಗಿದ್ದರೂ ಇಡೀ ವಾಕ್ಯ ಹೋಗುತ್ತದೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮಿಠಾಯಿ ಅಂಗಡಿಯ ಸಂಗನಬಸಪ್ಪ 'ಇಲ್ಲಿ ಶುದ್ಧ ತುಪ್ಪದ ಲಾಡು ಸಿಗುತ್ತದೆ' ಎಂದು ಮೂರು ಸಲ ಬೋರ್ಡು ಬರೆಸಿ, ಮೂರು ಸಲವೂ ಬರಿಯ ಹಲಗೆ ನೋಡಿ, ಕೊನೆಗೆ 'ಲಾಡು ಸಿಗುತ್ತದೆ' ಎಂಬುದಕ್ಕೆ ಇಳಿದ. ಶಾಲೆಯಲ್ಲಿ ಮೇಷ್ಟರು ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ, ಖಾಲಿ ಉಳಿದ ಜಾಗ ಎಣಿಸುತ್ತಾರೆ. ಗೋರಿಗಳ ಮೇಲೆ ಹೆಸರು, ತಾರೀಖು ಬಿಟ್ಟರೆ ಬೇರೇನನ್ನೂ ಕೆತ್ತಿಸುವ ಧೈರ್ಯ ಯಾರಿಗೂ ಇಲ್ಲ. ಬಾಯಿಗೆ ಮಾತ್ರ ಈ ಕಟ್ಟಿಲ್ಲ. ಮಾತಿನಲ್ಲಿ ನಾವೂ ಎಲ್ಲ ಊರಿನವರಷ್ಟೇ ಸುಳ್ಳುಗಾರರು.

ನನ್ನ ಅಪ್ಪ ಅರ್ಜಿ ಬರೆಯುತ್ತಿದ್ದ. ನಮ್ಮೂರಿನಲ್ಲಿ ಅದು ಸಣ್ಣ ವಿದ್ಯೆಯಲ್ಲ. ಜಮೀನು ತನ್ನದೆಂದು ಬರೆದರೆ ಅಕ್ಷರ ಅಳಿಸಿಹೋಗುವಂಥವನಿಗೆ 'ಈ ಜಮೀನಿನ ಜೊತೆ ನಮ್ಮ ಮನೆತನಕ್ಕೆ ಬಹುಕಾಲದ ಸಂಬಂಧವಿದೆ' ಎಂದು ಬರೆದುಕೊಟ್ಟು ಕಳಿಸುತ್ತಿದ್ದ. ಅದು ನಿಲ್ಲುತ್ತಿತ್ತು. ಸಂಬಂಧ ಎಂಬ ಪದದೊಳಗೆ ಏನು ಬೇಕಾದರೂ ಕೂರುತ್ತದಲ್ಲ. 'ಕೆಲವು', 'ಸಾಮಾನ್ಯವಾಗಿ', 'ಮುಂತಾದ', ಇವು ನಮ್ಮನೆಯ ಒರಳು ಒನಕೆ ಇದ್ದ ಹಾಗೆ. ಇವಿಲ್ಲದೆ ದಿನ ಸಾಗುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಊರಿನವರು ನನ್ನನ್ನೂ ಅರ್ಜಿ ಹಂಪಣ್ಣ ಎಂದೇ ಕರೆದರು.

ನನ್ನ ಕಾಲಕ್ಕೆ ಬೇರೆ ಕಸುಬು ಬಂತು. ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಪುಕ್ಕಟೆ ಬಳಸಬಹುದಾದ ಓಪನ್ ಸೋರ್ಸ್ ಪ್ರೋಗ್ರಾಮುಗಳು ಎಲ್ಲೆಲ್ಲೋ ಇವೆ. ನೂರು ಊರಿನ ನೂರು ಕೈ ಅವನ್ನು ತಿದ್ದುತ್ತಿರುತ್ತವೆ. ಹಾಗಾಗಿ ಹೊಸ ಆವೃತ್ತಿ ಹೊರಬಂದಾಗಲೆಲ್ಲ ಜೊತೆಗೊಂದು ಬದಲಾವಣೆ ಪಟ್ಟಿ ಬೇಕು. ಏನು ಬದಲಾಯಿತು, ಯಾಕೆ, ಹಳೆಯ ರೀತಿಯಲ್ಲೇ ನಡೆಸುತ್ತಿದ್ದವರು ಏನನ್ನು ನೋಡಿಕೊಳ್ಳಬೇಕು ಎಂಬುದನ್ನು ಅದರಲ್ಲಿ ಸಾಲು ಸಾಲಾಗಿ ಹೇಳಬೇಕು. ನಮ್ಮೂರಿನಲ್ಲಿ ಬರೆದು ಒಂದು ತಾಸು ನಿಂತ ಪಟ್ಟಿ ಎಂದರೆ ಹೊರಗಿನವರು ಕಣ್ಣು ಮುಚ್ಚಿ ನಂಬುತ್ತಿದ್ದರು. ಹಳೆಯ ಹತ್ತಿ ಗಿರಣಿಯ ಕೋಣೆಗಳಲ್ಲಿ ನಮ್ಮಂಥ ಮೂವತ್ತು ಜನ ಕೂತು ಎಲ್ಲೆಲ್ಲಿಯದೋ ಪ್ರೋಗ್ರಾಮುಗಳ ಪಟ್ಟಿ ಬರೆಯುತ್ತಿದ್ದೆವು. ಅಷ್ಟು ವರ್ಷದಲ್ಲಿ ನನ್ನ ಒಂದು ವಾಕ್ಯವೂ ಅಳಿಸಿಹೋದದ್ದಿಲ್ಲ. ಅದನ್ನು ಹೇಳಿಕೊಳ್ಳುವಾಗ ನನ್ನ ದನಿ ತಾನಾಗಿ ಏರುತ್ತಿತ್ತು.

ನಾನು ಪಟ್ಟಿ ಬರೆಯುತ್ತಿದ್ದ ಪ್ರೋಗ್ರಾಮುಗಳಲ್ಲಿ ಒಂದು 'ಹನಿ'. ಸಣ್ಣ ಆಸ್ಪತ್ರೆಗಳಲ್ಲಿ ರೋಗಿಯ ನರಕ್ಕೆ ಔಷಧಿ ಹೋಗುತ್ತದಲ್ಲ, ಆ ಹನಿಗಳನ್ನು ಎಣಿಸಿ ಬಿಡುವ ಯಂತ್ರವನ್ನು ಅದು ನಡೆಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನಮ್ಮೂರಿನವನೇ ಆದ ಇಂದುಧರ. ಬೆಳಗಿನ ಹೊತ್ತು ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಗಿರಣಿಗೆ ಬಂದು ನನ್ನ ಪಕ್ಕದ ಮೇಜಿನಲ್ಲಿ 'ಹನಿ'ಯ ಕೆಲಸ. ಅದಕ್ಕೆ ಸಂಬಳವಿಲ್ಲ. ಹೊರಗಿನಿಂದ ಬಂದ ತಿದ್ದುಪಡಿಗಳನ್ನು ಪರೀಕ್ಷಿಸುವವನು ಅವನೊಬ್ಬನೇ, ಏನಾದರೂ ಕೆಟ್ಟರೆ ಬೈಸಿಕೊಳ್ಳುವವನೂ ಅವನೊಬ್ಬನೇ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಒಳ್ಳೆಯ ಮನುಷ್ಯ. ಇದನ್ನು ನಾನು ಬರೆದರೂ ನಿಲ್ಲುತ್ತದೆ.

ಆ ವರ್ಷ ಸಣ್ಣ ಹನಿ ಬೀಳಿಸುವ ಹೊಸ ನಳಿಕೆಗಳು ಬಂದಿದ್ದವು. ಹಳೆಯ ದಪ್ಪ ನಳಿಕೆಯ ಒಂದು ಹನಿ ಎಂದರೆ ಹೊಸದರ ಮೂರು ಹನಿ. ಯಾವ ನಳಿಕೆ ಹಾಕಿದೆ ಎಂದು ಯಂತ್ರಕ್ಕೆ ತಿಳಿಸುವ ಗುಂಡಿ ಇತ್ತು, ಆದರೆ ಯಾರೂ ಒತ್ತುತ್ತಿರಲಿಲ್ಲ. ಒತ್ತದಿದ್ದರೆ ಅದು ದಪ್ಪ ನಳಿಕೆ ಎಂದೇ ಎಣಿಸುತ್ತಿತ್ತು, ಎಲ್ಲರ ಬಳಿಯೂ ದಪ್ಪದ್ದೇ ಇತ್ತು. ಈಗ ಹೊಸದು ಹಾಕಿದವರು, 'ಮಕ್ಕಳಿಗೆ ಔಷಧಿ ಸಾಕಾಗುತ್ತಿಲ್ಲ' ಎಂದು ಪತ್ರದ ಮೇಲೆ ಪತ್ರ ಬರೆದರು. ಇಂದುಧರ ಒಂದೇ ಒಂದು ಅಂಕಿ ತಿದ್ದಿದ. ಇನ್ನು ಮೇಲೆ ಗುಂಡಿ ಒತ್ತದಿದ್ದರೆ ಯಂತ್ರ ಅದನ್ನು ಸಣ್ಣ ನಳಿಕೆ ಎಂದು ತಿಳಿಯುತ್ತದೆ.

ಅವತ್ತು ಅವನು ಹದಿನಾಲ್ಕು ಬದಲಾವಣೆಗಳ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟ. ಒಂಬತ್ತನೆಯದರ ಮೇಲೆ ಬೆರಳಿಟ್ಟು, "ಇದನ್ನ ಸ್ವಲ್ಪ ಸೌಮ್ಯ ಮಾಡಿ ಬರಿ ಹಂಪಣ್ಣ" ಎಂದ.

"ಸೌಮ್ಯ ಅಂದ್ರ?"

"ಈ ವರ್ಷ ಎರಡು ಸಲ ಹಳೇ ಪದ್ಧತಿ ಮುರದೀನಿ. ನಲವತ್ತು ಊರಿನವರು ಉಗದಾರ. ಇನ್ನೊಮ್ಮೆ 'ಹಳೇದು ಬದಲಾಗೇತಿ, ಎಲ್ಲಾ ಯಂತ್ರ ಮತ್ತೊಮ್ಮೆ ನೋಡಕೊಳ್ರಿ' ಅಂದ್ರ ಯಾರೂ ಹೊಸಾದು ಹಾಕ್ಕೊಳ್ಳಂಗಿಲ್ಲ. ಇದರಾಗ ಬ್ಯಾರೆ ಹದಿಮೂರು ಒಳ್ಳೇ ರಿಪೇರಿ ಅದಾವು. ಅವೂ ಹೋಗಂಗಿಲ್ಲ ಆಮ್ಯಾಲ."

"ದಪ್ಪ ನಳಿಕಿ ಇದ್ದವರು?"

"ಎಲ್ಲಾರೂ ಸಣ್ಣದಕ್ಕ ಬರಾಕತ್ತಾರ. ದಪ್ಪದ್ದು ಎಲ್ಲೈತಿ ಈಗ?"

ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ದಿನ ನನ್ನ ಮುಂದೆ ಬೇರೆ ಮೂರು ಪ್ರೋಗ್ರಾಮುಗಳ ಪಟ್ಟಿಯೂ ಇತ್ತು. ನಾನು ಬರೆದೆ: 'ನಳಿಕೆಯ ಲೆಕ್ಕದಲ್ಲಿ ಕೆಲವು ಸುಧಾರಣೆಗಳನ್ನು ಮಾಡಲಾಗಿದೆ.' ಬರೆಯಲು ಅರ್ಧ ನಿಮಿಷ ಹಿಡಿಯಲಿಲ್ಲ. ಒಂದು ತಾಸು ಕಾದೆವು. ಇಂದುಧರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸಾಲು ನಿಂತಿತು. ಅವನು ಉಸಿರು ಬಿಟ್ಟು ನನ್ನ ಹೆಗಲು ತಟ್ಟಿದ. ನಿಂತಿತಲ್ಲ, ಅಂದಮೇಲೆ ನಿಜವೇ ಎಂದು ನಾನೂ ಅಂದುಕೊಂಡೆ. ನಮ್ಮೂರಿನವರು ಅದಕ್ಕಿಂತ ಮುಂದೆ ಯೋಚಿಸುವ ಅಭ್ಯಾಸ ಎಂದೋ ಬಿಟ್ಟಿದ್ದೆವು.

ಏಳು ವಾರಗಳ ಮೇಲೆ ಒಂದು ಮಧ್ಯಾಹ್ನ ಗಿರಣಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಹತ್ತಿರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಸೀರೆ, ಕೈಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ಎರಡು ಬಸ್ಸು ಬದಲಿಸಿ ಬಂದಿದ್ದಳು. "'ಹನಿ' ಪಟ್ಟಿ ಬರಿಯೋರು ಯಾರ್ರಿ?" ಎಂದು ಕೇಳಿದಳು. ನಾನು ಎದ್ದು ಕುರ್ಚಿ ಕೊಟ್ಟೆ. ಅವಳ ಹೆಸರು ಎಸ್ತರಮ್ಮ. ಇಪ್ಪತ್ತೆರಡು ಹಾಸಿಗೆಯ ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷದಿಂದ ನರ್ಸು.

"ನಾ ಹೊಸಾದು ಹಾಕ್ಕೊಳ್ಳೂಕಿಂತ ಮೊದಲ ಪೂರಾ ಪಟ್ಟಿ ಓದೇನ್ರಿ" ಎಂದಳು. "ಕನ್ನಡಕ ಹಾಕ್ಕೊಂಡು ಎರಡು ಸಲ ಓದೇನಿ. ನಿಮ್ಮೂರಿಂದು ಅಂದಮ್ಯಾಲ ಸುಳ್ಳಿರಂಗಿಲ್ಲ, ನೋಡ್ರಿ." ಆಮೇಲೆ ಒಂದೇ ದನಿಯಲ್ಲಿ, ವರದಿ ಒಪ್ಪಿಸುವವಳ ಹಾಗೆ ಹೇಳಿದಳು. ಹೊಸ ಆವೃತ್ತಿ ಹಾಕಿದ ವಾರದಲ್ಲೇ ಮೂರು ಜನ ಸತ್ತಿದ್ದರು. ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಆಳು. ಹೆರಿಗೆಯಾಗಿ ಎರಡು ದಿನವಾಗಿದ್ದ ಬಾಣಂತಿ. ಒಂಬತ್ತು ವರ್ಷದ ಒಂದು ಹುಡುಗಿ. ಮೂವರಿಗೂ ಬರೆದುಕೊಟ್ಟದ್ದರ ಮೂರು ಪಟ್ಟು ಔಷಧಿ ಹೋಗಿತ್ತು. ಎಸ್ತರಮ್ಮನೇ ಅಂಕಿ ತಪ್ಪು ಒತ್ತಿದ್ದಾಳೆ ಎಂದು ಆಸ್ಪತ್ರೆಯವರು ಅವಳನ್ನು ಕೆಲಸದಿಂದ ನಿಲ್ಲಿಸಿದ್ದರು. ಹುಡುಗಿಯ ತಾಯಿ ದಿನಾ ಬಂದು ಅವಳ ಮನೆಯ ಎದುರಿಗೆ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದಳು.

ನಾನು ಕೇಳಿದೆ, "ನಿಮ್ಮಲ್ಲೆ ನಳಿಕಿ ಯಾವುದ್ರಿ?"

"ಹಳೇದ ರೀ. ದಪ್ಪದ್ದು."

ಪಕ್ಕದ ಮೇಜಿನಲ್ಲಿ ಇಂದುಧರನ ಬೆರಳುಗಳು ನಿಂತವು. ಅವನು ನಮ್ಮ ಕಡೆ ತಿರುಗಲಿಲ್ಲ. ಅವನ ಕತ್ತಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು.

ಎಸ್ತರಮ್ಮ ಕಾಗದ ಬಿಡಿಸಿ ಒಂಬತ್ತನೆಯ ಸಾಲಿನ ಮೇಲೆ ಉಗುರಿಟ್ಟಳು. "ಇದೊಂದು ನನಗ ತಿಳೀಲಿಲ್ಲ. ಕೆಲವು ಸುಧಾರಣೆ ಅಂದ್ರೇನ್ರಿ?"

"ಅದು... ಸುಧಾರಣೆನ ರೀ. ಒಳಗಿನ ಕೆಲಸ" ಎಂದೆ. ಬಾಯಿಗೆ ಕಟ್ಟಿಲ್ಲವೆಂದು ಮೊದಲೇ ಹೇಳಿದೆನಲ್ಲ.

ಅವಳು ತಲೆಯಾಡಿಸಿ ಕಾಗದ ಮಡಿಸಿದಳು. ಅವಳು ಬಂದದ್ದು ಅದನ್ನು ಕೇಳುವುದಕ್ಕಲ್ಲ. "ನಂದೊಂದು ಸಣ್ಣ ಕೆಲಸ ಮಾಡಿಕೊಡ್ರಿ. 'ತಪ್ಪು ನಂದಲ್ಲ' ಅಂತ ಒಂದು ಸಾಲು ಇಲ್ಲಿ ಬರೀರಿ. ನಿಂತ್ರ ಅದನ್ನ ಒಯ್ದು ತೋರಸ್ತೀನಿ. ನಿಲ್ಲಲಿಲ್ಲ ಅಂದ್ರ ನನಗಾರ ತಿಳೀತೈತಿ. ಒತ್ತಿದ್ದು ಸರಿ ಒತ್ತೇನಿ ಅಂತನ ನೆನಪೈತಿ. ಆದ್ರ ನೆನಪಿಗೇನ್ರಿ, ತಿಂಗಳಾತು, ದಿನಾ ಒಂದೊಂದು ಥರಾ ಹೇಳತೈತಿ."

ನಾನು ಪೆನ್ನು ಕೈಗೆತ್ತಿಕೊಂಡೆ. ಯಾವ ವಾಕ್ಯ ನಿಲ್ಲುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. 'ಯಂತ್ರದ ಲೆಕ್ಕ ಬದಲಾದದ್ದನ್ನು ಎಸ್ತರಮ್ಮನಿಗೆ ಯಾರೂ ತಿಳಿಸಿರಲಿಲ್ಲ' ಎಂದು ಬರೆದಿದ್ದರೆ ಅದು ಈ ಗಿರಣಿ ಬಿದ್ದರೂ ಅಳಿಯುತ್ತಿರಲಿಲ್ಲ. ಅವಳು ಹೇಳಿದ ಎರಡು ಪದಗಳೇ ನಿಂತರೂ ನಿಲ್ಲಬಹುದಾಗಿತ್ತು. ನಿಂತಿದ್ದರೆ ಮುಂದಿನ ಪ್ರಶ್ನೆ, ಹಾಗಾದರೆ ತಪ್ಪು ಯಾರದು ಎಂದು.

"ಗಟ್ಟಿಯಾಗಿ ಬರಿಯೂಣ್ರಿ" ಎಂದೆ. "ಸಡಿಲ ಬರದ್ರ ಕೋರ್ಟಿನಾಗ ನಡಿಯಂಗಿಲ್ಲ." ಬರೆದೆ: 'ಈ ಮೂವರ ಸಾವಿನಲ್ಲಿ ಎಸ್ತರಮ್ಮನದು ಎಳ್ಳಷ್ಟೂ, ಯಾವ ರೀತಿಯಲ್ಲೂ ತಪ್ಪಿಲ್ಲ.'

ಅವಳು ಓದಿದಳು. ಅವಳ ಕಣ್ಣು ತುಂಬಿತು. "ಭಾಳ ಉಪಕಾರ ಆತ್ರಿ" ಎಂದಳು.

ಎಳ್ಳಷ್ಟೂ, ಯಾವ ರೀತಿಯಲ್ಲೂ ಎಂಬ ಮಾತು ನಮ್ಮೂರಿನಲ್ಲಿ ಯಾರ ವಿಷಯದಲ್ಲೂ ನಿಂತದ್ದನ್ನು ನಾನು ಕಂಡಿಲ್ಲ. ನಳಿಕೆ ಯಾವುದೆಂದು ತಿಳಿಸುವ ಗುಂಡಿ ಇತ್ತು, ಅವಳು ಒತ್ತಿರಲಿಲ್ಲ. ಎಲ್ಲ ಊರಿನ ಎಲ್ಲ ನರ್ಸುಗಳ ಹಾಗೆ. ಎಳ್ಳಿನಷ್ಟು ಅಂದರೆ ಅಷ್ಟು ಸಾಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಚಹಾ ತರಿಸಿದೆ. ಅವಳು ಕುಡಿಯಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು, ಎರಡೂ ಅಂಗೈಗಳನ್ನು ಅದರ ಅಕ್ಕಪಕ್ಕದಲ್ಲಿಟ್ಟು ಕೂತಳು. ಇಂದುಧರ ಮಧ್ಯದಲ್ಲಿ ಎದ್ದು ಹೊರಗೆ ಹೋದ. ಮುಕ್ಕಾಲು ತಾಸಾಗಿರಬಹುದು, 'ಎಸ್ತರಮ್ಮನದು' ಎಂಬಲ್ಲಿ ಅಕ್ಷರ ಬೂದಿಯಾಗತೊಡಗಿತು. ಅವಳು ಮುಂದಕ್ಕೆ ಬಾಗಿದಳು. ಬೆರಳಿನಿಂದ ಒಮ್ಮೆ ಮುಟ್ಟಿದಳು. ಕಣ್ಣೆದುರಿಗೇ ಇಡೀ ಸಾಲು ಹೋಗಿ ಬರಿಯ ಕಾಗದ ಉಳಿಯಿತು.

"ಹಂಗಾರ ನಾನ" ಎಂದಳು. ಅಷ್ಟೇ. ಎದ್ದಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು, ಬರೆದುಕೊಟ್ಟದ್ದಕ್ಕೆ ಏನು ಕೊಡಬೇಕು ಎಂದು ಕೇಳಿದಳು. ಬೇಡವೆಂದೆ. ಖಾಲಿ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದಳು. ನಾನು ಬಾಗಿಲವರೆಗೆ ಹೋಗಿ, ನಿಲ್ಲಿಸಬೇಕು ನಿಲ್ಲಿಸಬೇಕು ಎಂದುಕೊಳ್ಳುತ್ತಲೇ ಅವಳು ಬಸ್ ನಿಲ್ದಾಣದ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ.

ಇಂದುಧರ ಆ ಸಂಜೆಯೇ ಅಂಕಿಯನ್ನು ಮೊದಲಿನ ಹಾಗೆ ತಿದ್ದಿದ. "ಬರಿ" ಎಂದ. ಏನು ಬರೆಯಲಿ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. 'ನಳಿಕೆಯ ಲೆಕ್ಕದಲ್ಲಿ ಮತ್ತೂ ಕೆಲವು ಸುಧಾರಣೆಗಳನ್ನು ಮಾಡಲಾಗಿದೆ.' ಅದೂ ನಿಂತಿತು.

ಅಂಥ ಸಾಲು ಓದಿ ಅವಸರ ಮಾಡುವವರು ಯಾರು? ಹಾಕಿಕೊಂಡರಾಯಿತು ಬಿಡು, ಮುಂದಿನ ತಿಂಗಳು ನೋಡೋಣ ಎಂದು ಹಲವು ಆಸ್ಪತ್ರೆಗಳು ಬಿಟ್ಟವು. ಹದಿನೆಂಟು ದಿನಗಳ ಮೇಲೆ ಇನ್ನೊಂದು ಊರಿನಿಂದ ಪತ್ರ ಬಂತು. ಅಲ್ಲಿ ಒಬ್ಬ ಮುದುಕ ಸತ್ತಿದ್ದ. ಅವರೂ ದಪ್ಪ ನಳಿಕೆಯವರು, ತಿದ್ದಿದ್ದನ್ನು ಹಾಕಿಕೊಳ್ಳದವರು. ಪತ್ರದ ಕೊನೆಯಲ್ಲಿ ಬರೆದಿದ್ದರು: 'ಇಂಥದ್ದೇ ಪ್ರಕರಣದಲ್ಲಿ ಎಸ್ತರಮ್ಮ ಎಂಬ ನರ್ಸು ತಪ್ಪೊಪ್ಪಿಕೊಂಡು ಜೈಲಿನಲ್ಲಿದ್ದಾರೆ. ನಮ್ಮ ನರ್ಸೂ ತಪ್ಪು ಮಾಡಿರಬಹುದೇ, ದಯವಿಟ್ಟು ತಿಳಿಸಿ.'

ಇಂದುಧರ ಪತ್ರವನ್ನು ನನ್ನ ಮುಂದೆ ಇಟ್ಟು ಗೋಡೆಗೆ ಒರಗಿ ನೆಲದ ಮೇಲೆ ಕೂತ. ನಾನು ಪರದೆಯ ಮುಂದೆ ಕೂತು ಮೊದಲ ಸಲ ಅಪ್ಪ ಕಲಿಸಿದ್ದನ್ನೆಲ್ಲ ಬಿಟ್ಟು ಬರೆದೆ. ಯಾವ ದಿನ, ಯಾವ ಅಂಕಿ, ಎಷ್ಟಿದ್ದದ್ದು ಎಷ್ಟಾಯಿತು, ದಪ್ಪ ನಳಿಕೆಯವರಿಗೆ ಮೂರು ಪಟ್ಟು ಔಷಧಿ ಹೋಗುತ್ತದೆ, ಈ ಕ್ಷಣವೇ ಯಂತ್ರ ನಿಲ್ಲಿಸಿ, ತಿದ್ದಿದವನು ಇಂದುಧರ, ಅದನ್ನು ಪಟ್ಟಿಯಲ್ಲಿ ಮುಚ್ಚಿಟ್ಟವನು ಹಂಪಣ್ಣ, ನಾಲ್ವರು ಸತ್ತಿದ್ದಾರೆ.

"ನನ್ನ ಹೆಸರು ಬ್ಯಾಡೋ" ಎಂದ ಇಂದುಧರ, ಕೂತಲ್ಲಿಂದಲೇ. "ನನಗ ಇಬ್ಬರು ಹೆಣ್ಣುಮಕ್ಕಳು ಅದಾರ."

"ನಿನ್ನ ಹೆಸರು ತಗದ್ರೂ ನಿಲ್ತೈತಿ" ಎಂದೆ. "ಅದಕ್ಕ ತಗಿಯಂಗಿಲ್ಲ."

ತಾಸು ಕಾಯಲಿಲ್ಲ. ಆಗಲೇ ಕಳಿಸಿಬಿಟ್ಟೆ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಒಂದೇ ವಾರದಲ್ಲಿ ಹೊರಗಿನ ಪ್ರೋಗ್ರಾಮುಗಳವರು ನಮ್ಮೂರಿನಿಂದ ತಮ್ಮ ಪಟ್ಟಿಗಳನ್ನು ಒಂದೊಂದಾಗಿ ಕಿತ್ತುಕೊಂಡರು. ಗಿರಣಿಯ ಮೂವತ್ತು ಮೇಜುಗಳಲ್ಲಿ ನಾಲ್ಕು ಉಳಿದವು. ಬೀದಿಯಲ್ಲಿ ಸಿಕ್ಕವರು ನನ್ನ ಮುಖ ನೋಡದೆ ಹೋಗುತ್ತಿದ್ದರು, ಕೊಂದದ್ದಕ್ಕಲ್ಲ, ಬರೆದದ್ದಕ್ಕೆ. ಇಂದುಧರ ಕಾಲೇಜಿಗೂ ಹೋಗಲಿಲ್ಲ, ಗಿರಣಿಗೂ ಬರಲಿಲ್ಲ. ಒಂದು ಬೆಳಿಗ್ಗೆ ಅವನ ಮನೆಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರೆಂದು ನೆರೆಯವರೂ ಹೇಳಲಿಲ್ಲ.

ನಾನು ಆ ಪಟ್ಟಿಯನ್ನು ಮುದ್ರಿಸಿಕೊಂಡು ಎರಡು ಬಸ್ಸು ಬದಲಿಸಿ ಎಸ್ತರಮ್ಮನ ಊರಿಗೆ ಹೋದೆ. ಜೈಲಿನ ಅಧಿಕಾರಿ ಕಾಗದವನ್ನು ಪೂರ್ತಿ ಓದಿದರು. ಕೆಟ್ಟವರೇನಲ್ಲ. ಕುಡಿಯಲು ನೀರು ಕೊಡಿಸಿದರು.

"ಇದು ನಮ್ಮೂರಾಗ ಬರದದ್ರಿ. ಅಳಿಸಿಲ್ಲ, ನೋಡ್ರಿ" ಎಂದೆ.

"ಈಗ ಇರೂದು ನಮ್ಮೂರಾಗಲ್ರಿ?" ಎಂದರು. "ಇಲ್ಲಿ ಏನ್ ಬರದ್ರೂ ನಿಲ್ತೈತಿ. ಆಕಿ ತಾನ ಬಂದು, ತನ್ನ ಕೈಲೆ ಬರದು, ಸಹಿ ಮಾಡ್ಯಾಳ. ಅದೂ ಅಳಿಸಿಲ್ಲ. ನಾ ಯಾವುದು ನಂಬಲಿ? ವಕೀಲರನ್ನ ಹಿಡೀರಿ, ಅರ್ಜಿ ಹಾಕ್ರಿ. ವರ್ಷ ಹಿಡೀತೈತಿ." ಭೇಟಿಗೆ ಮಾತ್ರ ಬಿಟ್ಟರು.

ಎಸ್ತರಮ್ಮ ಬಂದು ಜಾಲರಿಯ ಆಚೆ ಕೂತಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಎಲ್ಲವನ್ನೂ ಹೇಳಿದೆ. ಒಂಬತ್ತನೆಯ ಸಾಲು, ಗುಂಡಿ, ಇಂದುಧರನ ಅಂಕಿ, ಎಳ್ಳಷ್ಟೂ ಎಂಬ ಪದವನ್ನು ನಾನು ಯಾಕೆ ಸೇರಿಸಿದೆ ಎಂಬುದು, ಎಲ್ಲ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ ನನ್ನ ಮೇಲೆ ಕನಿಕರ ಬಂದವಳ ಹಾಗೆ ಮೆಲ್ಲಗೆ ಹೇಳಿದಳು, "ನಿಮ್ಮ ಮನಸು ಒಳ್ಳೇದೈತ್ರಿ. ನನ್ನ ಬಿಡಸಾಕ ಅಂತ ಇಷ್ಟು ದೂರ ಬಂದೀರಿ. ಆದ್ರ ಬಾಯಿಲೆ ಹೇಳಿದ್ದಕ್ಕ ಏನ್ರಿ ಆಧಾರ? ಆ ಸಾಲು ಅಳಿಸಿ ಹೋಗಿದ್ದನ್ನ ನಾನ ಕಣ್ಣಾರೆ ನೋಡೇನಿ."

ಮುದ್ರಿಸಿದ ಹಾಳೆಯನ್ನು ಜಾಲರಿಗೆ ಒತ್ತಿ ಹಿಡಿದೆ. ಅವಳು ಅದರ ಕಡೆ ನೋಡಲೂ ಇಲ್ಲ. ಆಮೇಲೆ ಕೇಳಿದಳು, "ಯಂತ್ರದಾಗ ಏನೋ ಐತಿ ಅಂದ್ರಲ್ಲ. ನಮ್ಮ ಆಸ್ಪತ್ರ್ಯಾಗ ಈಗ ಅದನ್ನ ಸರಿ ಮಾಡ್ಯಾರೇನು?"

ಪಟ್ಟಿ ಕಳಿಸಿದ್ದೆ. ಅವಳಿಲ್ಲದ ಆ ಆಸ್ಪತ್ರೆಯಲ್ಲಿ ಅದನ್ನು ಓದುವವರು ಯಾರು ಎಂದು ಕೇಳಿಕೊಂಡಿರಲಿಲ್ಲ.

"ಗೊತ್ತಿಲ್ರಿ" ಎಂದೆ.

ಅವಳು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದುನಿಂತಳು. "ಗೊತ್ತಿಲ್ಲಂದ್ರ ಇಲ್ಲ್ಯಾಕ ಕುಂತೀರಿ ನೀವು? ನನ್ನ ಮಾರಿ ನೋಡಾಕ ಬಂದೀರೇನು? ಮೊದಲ ಅಲ್ಲಿ ಹೋಗ್ರಿ! ಏಳ್ರಿ!" ಕಾವಲಿನವಳು ಅವಳ ತೋಳು ಹಿಡಿದಳು. ಒಳಗೆ ಕರೆದೊಯ್ಯುವಾಗಲೂ ಅವಳು ತಿರುಗಿ ತಿರುಗಿ, "ಹೋಗ್ರಿ, ಹೋಗ್ರಿ" ಎಂದು ಕೂಗುತ್ತಿದ್ದಳು.

ಆಸ್ಪತ್ರೆ ಅಲ್ಲಿಂದ ಎರಡು ಮೈಲಿ. ನನಗೆ ಐವತ್ತೆರಡು ವಯಸ್ಸು, ಓಡಿ ಅಭ್ಯಾಸವಿಲ್ಲ. ಓಡಿದೆ. ವಾರ್ಡಿನಲ್ಲಿ ಯಂತ್ರಗಳು ಕಾಣಲಿಲ್ಲ. ಮೂರು ಸಾವಿನ ಮೇಲೆ ಹೆದರಿ ಎಲ್ಲವನ್ನೂ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರಂತೆ. ಎಸ್ತರಮ್ಮನ ಜಾಗಕ್ಕೆ ಯಾರನ್ನೂ ಕೊಟ್ಟಿರಲಿಲ್ಲ. ಇಪ್ಪತ್ತೆರಡು ಹಾಸಿಗೆಗಳ ನಡುವೆ ಒಬ್ಬಳೇ ನರ್ಸು, ಇಪ್ಪತ್ತೈದರ ಹುಡುಗಿ, ಕೈಗಡಿಯಾರ ನೋಡುತ್ತ ಒಂದು ಬಾಟಲಿಯಿಂದ ಇನ್ನೊಂದಕ್ಕೆ ಓಡುತ್ತಿದ್ದಳು. ನಾನು ಏದುಸಿರು ಬಿಡುತ್ತ ಹಾಳೆ ಮುಂದೆ ಹಿಡಿದೆ. ಅವಳಿಗೆ ಅದನ್ನು ಓದುವಷ್ಟು ಪುರುಸೊತ್ತಿರಲಿಲ್ಲ. ನಾನು ಯಾರೆಂದೂ ಕೇಳಲಿಲ್ಲ.

"ಎಣಸಾಕ ಬರ್ತದೇನ್ರಿ?" ಎಂದಳು. "ಆ ಏಳನೇ ಹಾಸಿಗಿ ಕಡೆ ನಿಂದ್ರಿ. ನಿಮಿಷಕ್ಕ ಹದಿನಾಲ್ಕು. ಹೆಚ್ಚಾದ್ರ ಕೂಗ್ರಿ, ಕಡಿಮಿ ಆದ್ರೂ ಕೂಗ್ರಿ. ಮಾತಾಡಬ್ಯಾಡ್ರಿ, ಲೆಕ್ಕ ತಪ್ತೈತಿ."

ಏಳನೆಯ ಹಾಸಿಗೆಯಲ್ಲಿ ಒಬ್ಬ ಮುದುಕಿ ಬಾಯಿ ತೆರೆದು ಮಲಗಿದ್ದಳು. ಹಾಳೆಯನ್ನು ಜೇಬಿಗೆ ತುರುಕಿ ಬಾಟಲಿಯ ಕೆಳಗೆ ನಿಂತು ಎಣಿಸತೊಡಗಿದೆ.